ಕತ್ತರಿ ಮೇಡಂ ಬಗ್ಗೆ ಬಂದ ವರದಿ

ಹಾಲು ಕಾಯಿಸಬೇಕು. ನೆನೆಹಾಕಿದ ಕಾಳು ಬೇಯಲು ಇಡಬೇಕು. ಅತ್ತೆಯ ಮಾತ್ರೆ, ಪಕ್ಕಕ್ಕೆ ಬಿಸಿನೀರು. ಗಂಡನ ಶರಟಿಗೆ ಇಸ್ತ್ರಿ. ನಲ್ಲಿಯಲ್ಲಿ ನೀರು ನಿಲ್ಲುವುದರೊಳಗೆ ಬಟ್ಟೆ ಒಗೆದು ಹಿಂಡಿ, ಮಹಡಿಯ ಮೇಲೆ ಹರವಿ ಬರಬೇಕು. ಇಷ್ಟೂ ಮುಗಿದ ಮೇಲೆ ಆ ಮನೆಯಲ್ಲಿ ಉಳಿದವರಿಗೆ ಬೆಳಗಾಗುತ್ತಿತ್ತು.

ಆಮೇಲೆ ಅವಳು ಪತ್ರಿಕೆಯ ಕಚೇರಿಗೆ ಹೋಗಿ ಉಪಸಂಪಾದಕಿಯಾಗುತ್ತಿದ್ದಳು. ಬೇಸಿಗೆ ರಜೆ ಬಂತೆಂದರೆ ಹೈಸ್ಕೂಲು ಮಕ್ಕಳಿಗೆ ವರದಿಗಾರಿಕೆ ಕಲಿಸುವ ಶಿಬಿರವೂ ಅವಳ ತಲೆಗೇ. ಉದ್ಘಾಟನೆಗೆ ಸಂಪಾದಕರು, ಫೋಟೋಗೆ ಸಂಪಾದಕರು; ನಡುವಿನದೆಲ್ಲ ಅವಳು. ‘ಸುಂದರ’, ‘ಅದ್ಭುತ’ಗಳನ್ನೆಲ್ಲ ನಿರ್ದಯವಾಗಿ ತೆಗೆದುಹಾಕುತ್ತಿದ್ದುದರಿಂದ ಮಕ್ಕಳು ಕತ್ತರಿ ಮೇಡಂ ಅನ್ನುತ್ತಿದ್ದರು. ಅವಳು ಕಲಿಸುತ್ತಿದ್ದದ್ದು ಮುಖ್ಯವಾಗಿ ಎರಡು ಮಾತು: ಯಾರು ಏನೇ ಹೇಳಲಿ, ಕಣ್ಣಾರೆ ನೋಡಿ ಬರೆಯಿರಿ; ಯಾರ ಬಗ್ಗೆ ಬರೆದಿರೋ ಅವರ ಕೈಗೆ ತಿದ್ದಲು ಕೊಡಬೇಡಿ.

ಶಿಬಿರದ ಕೊನೆಯ ಕೆಲಸ, ದುಡಿಯುವ ಒಬ್ಬರ ಬೆನ್ನು ಹತ್ತಿ ಅವರ ದಿನವನ್ನು ಬರೆಯುವುದು. ಅವುಗಳಲ್ಲಿ ಒಳ್ಳೆಯದೊಂದು ಭಾನುವಾರದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಮಿಕ್ಕವರು ಬಸ್ ಡ್ರೈವರು, ನರ್ಸು ಎಂದು ಹೊರಟರು. ಎರಡು ಜಡೆಯ ಹುಡುಗಿ ಮಾತ್ರ, “ನಿಮ್ಮನ್ನೇ ಬರೀತೀನಿ ಮೇಡಂ” ಅಂದಳು.

“ನನ್ನಲ್ಲೇನಿದೆಯೇ ಬರೆಯೋಕೆ?”

“ನೋಡಿದ್ಮೇಲೆ ಹೇಳ್ತೀನಿ.”

ಮರುದಿನ ಹುಡುಗಿ ನಸುಕಿನಲ್ಲೇ ಮೇಡಂ ಮನೆಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು.

“ಅಂಕಲ್ ಕೆಲಸ ಹಂಚ್ಕೋತಾರಾ ಮೇಡಂ?”

“ಹೂಂ. ಅರ್ಧ ಅವರದ್ದೇ.”

ಗಂಡ ತಲೆ ಬಾಚಿಕೊಂಡೇ ಬಂದ. “ಬರ್ಕೋ ಮಗು, ನಮ್ಮನೇಲಿ ಎಲ್ಲ ಸಮಪಾಲು. ಇವತ್ತು ನಿನಗೆ ಟೀ ನಾನೇ ಮಾಡ್ತೀನಿ!” ಒಂದು ಕಪಾಟು ತೆಗೆದ, ಇನ್ನೊಂದು ತೆಗೆದ. “ಏ, ಸಕ್ಕರೆ ಎಲ್ಲಿಟ್ಟಿದೀಯೇ?”

“ನಿಮ್ಮ ಮೂಗಿನ ಕೆಳಗೇ ಇದೆ.”

“ಈ ಮೂಗಿನ ಕೆಳಗೆ ಉಪ್ಪಿದೆ ಕಣೇ!”

ಒಳಗಿನ ಕೋಣೆಯಿಂದ ಅತ್ತೆ ಕೂಗಿದರು: “ಮನೆ ಕಟ್ಟಿದಾಗಿಂದ ಸಕ್ಕರೆ ಅಲ್ಲೇ ಇದೆ ಕಣೋ!”

ಟೀ ಕೊನೆಗೆ ಅವಳೇ ಮಾಡಿದಳು. ಹುಡುಗಿ ತಲೆ ಎತ್ತದೆ ಬರೆದುಕೊಂಡಳು.

ಬರಹ ಬಂತು. ಎಲ್ಲಾ ಇತ್ತು, ಸಕ್ಕರೆ ಸಮೇತ. ಕೊನೆಯ ಸಾಲು: “ಅರ್ಧ ಅವರದ್ದೇ ಎಂದರು ಮೇಡಂ. ಆ ಅರ್ಧ ನನಗೆ ಕಾಣಲಿಲ್ಲ.”

ಸಂಪಾದಕರು ನಕ್ಕು ನಕ್ಕು ಓದಿದರು. “ಈ ಸಲಕ್ಕೆ ಇದೇ ಸೈ. ನಿಮ್ಮ ಮನೆ ವಿಷಯ ನೋಡಿ, ಬೇಡದ್ದು ನೀವೇ ತೆಗೆದು ಕಳಿಸಿಬಿಡಿ” ಎಂದು ಊಟಕ್ಕೆ ಹೊರಟರು. ಬೆನ್ನಿಗೇ ಗಂಡನ ಫೋನು.

“ಆ ಹುಡುಗಿ ಸಕ್ಕರೆ ವಿಷಯ ಬರೆದಿದಾಳಾ?”

“ಬರೆದಿದಾಳೆ.”

“ತೆಗೆದುಬಿಡು ಮಾರಾಯ್ತಿ. ಮಗಳ ಅತ್ತೆಮನೇಲಿ ಅದೇ ಪೇಪರ್ ತರಿಸ್ತಾರೆ. ನನ್ನ ಮಾನ ಹರಾಜು ಹಾಕ್ಬೇಡ.”

ನೋಡ್ತೀನಿ ಎಂದು ಇಟ್ಟಳು. ಸಕ್ಕರೆಯ ಪ್ಯಾರಾ, ಕೊನೆಯ ವಾಕ್ಯ, ಇವೆರಡು ತೆಗೆದರೆ ಸಾಕು. ಬರಹ ಒಬ್ಬ ಒಳ್ಳೆಯ ಗಂಡನ ಹೊಗಳಿಕೆಯಾಗುತ್ತದೆ, ಮನೆಯಲ್ಲೂ ತಣ್ಣಗಿರುತ್ತದೆ. ಇಲ್ಲವಾದರೆ ತಿಂಗಳುಗಟ್ಟಲೆ ಮುನಿಸು, ಮಗಳಿಗೆ ಅಲ್ಲಿ ಕೊಂಕುಮಾತು. ಸಕ್ಕರೆಯ ಪ್ಯಾರಾವನ್ನು ಆರಿಸಿ, ಅಳಿಸುವ ಕೀಲಿಯ ಮೇಲೆ ಬೆರಳಿಟ್ಟಳು.

ಗಂಡನ ಹುಡುಕಾಟ ಅವಳಿಗೆ ಹೊಸದಲ್ಲ. ಚುಚ್ಚಿದ್ದು ‘ಅರ್ಧ ಅವರದ್ದೇ’ ಎಂಬ ಅವಳದೇ ಮಾತು. ಸುಳ್ಳು ಹೇಳು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕತ್ತಲಲ್ಲೂ ಕೈ ಬೆಂಕಿಪೊಟ್ಟಣಕ್ಕೆ ಹೋಗುವ ಹಾಗೆ ಅದು ತಾನಾಗಿ ಬಾಯಿಗೆ ಬಂದಿತ್ತು. ಈಗ ಅಳಿಸಿದರೆ ಅದೇ ಸುಳ್ಳು ಆ ಹುಡುಗಿಯ ಹೆಸರಿನಲ್ಲಿ ಅಚ್ಚಾಗುತ್ತದೆ.

ಬೆರಳು ತೆಗೆದಳು. ಒಂದಕ್ಷರ ಮುಟ್ಟದೆ ಬರಹವನ್ನು ಭಾನುವಾರದ ಪುಟಕ್ಕೆ ಕಳಿಸಿದಳು. ಗಂಡನಿಗೆ ‘ತೆಗೆದಿಲ್ಲ’ ಎಂದಷ್ಟೇ ಮೆಸೇಜು ಹಾಕಿ, ಬಸ್ ಡ್ರೈವರನ ಕುರಿತ ಬರಹ ತೆರೆದಳು.