ಬಲಗಡೆಯ ಸೀಟು

ಹೋದ ವರ್ಷ ಕಾಫಿ ಕುಯ್ಲು ಮುಗಿದ ಮೇಲಿನ ಮೊದಲ ಬುಧವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ, ನಾನು ಪಾಳ್ಯದ ನಮ್ಮ ಹಳೆಯ ಕಣದ ಪಕ್ಕದ ಶೆಡ್ಡಿನೊಳಗೆ, ಮಿಲಿಟರಿ ಲಾರಿಯ ಬಲಗಡೆ ಬಾಗಿಲಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಾಗಿಲು ಒಳಕ್ಕೆ ನಗ್ಗಿತ್ತು. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಅದನ್ನು ಯಾರೂ ತೆಗೆದಿರಲಿಲ್ಲ. ಸಕಲೇಶಪುರದಿಂದ ಬಂದಿದ್ದ ಮೆಕ್ಯಾನಿಕ್ ಇಲ್ಯಾಸ್ ಸಂದಿಗೆ ಹಾರೆ ಕೊಟ್ಟು ಮೀಟಿದ. ಅದು ಕಿರುಗುಟ್ಟಿ ಒಂದು ಗೇಣು ಬಾಯಿಬಿಟ್ಟಿತು. ಒಳಗಿನಿಂದ ಮೊದಲು ಹಳೆಯ ಗ್ರೀಸಿನ ವಾಸನೆ ಬಂತು, ಆಮೇಲೆ ಗೋಣಿಚೀಲದ್ದು, ಆಮೇಲೆ ಒಣಗಿದ ಕಾಫಿ ಹೊಟ್ಟಿನದು, ಎಲ್ಲದರ ತಳದಲ್ಲಿ ಸಣ್ಣಗೆ ಕಡ್ಡಿಪುಡಿಯ ಘಾಟು. ಕೊನೆಯದು ನಿಜವಾಗಿ ಬಂತೋ ಇಲ್ಲವೋ ಆಣೆ ಮಾಡಿ ಹೇಳಲಾರೆ. ಮೂವತ್ತು ವರ್ಷ ಸರ್ವೆ ಕೆಲಸದಲ್ಲಿದ್ದು ರಿಟೈರಾದವನು ನಾನು. ಕಂಡದ್ದನ್ನು ಕಂಡಷ್ಟೇ ಬರೆಯುವುದು ರೂಢಿ. ಈ ಲಾರಿಯ ಕಥೆಯೊಂದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

ಇಲ್ಯಾಸ್ ಕೈ ಒರೆಸಿಕೊಂಡು ಲಾರಿಯ ಸುತ್ತ ಒಂದು ಸುತ್ತು ಬಂದ. ಎರಡು ದಾರಿ ಇವೆ ಅಂದ. ಒಂದು, ಮಿಲಿಟರಿಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಎಬ್ಬಿಸುವುದು: ಅದೇ ಹಸಿರು ಬಣ್ಣ, ಅದೇ ಎಂಜಿನ್, ಅದೇ ಬ್ರೇಕು, ಎಡಗಡೆಯ ಸ್ಟೇರಿಂಗು. ಇನ್ನೊಂದು, ಸ್ಟೇರಿಂಗನ್ನು ಬಲಕ್ಕೆ ತಂದು, ಹೊಸ ಎಂಜಿನ್ ಕೂರಿಸಿ, ಹಳೆಯ ಬ್ರೇಕು ಗೀಕು ಎಲ್ಲ ಕಿತ್ತೆಸೆದು ಹೊಸದು ಹಾಕುವುದು. ಹಾಗೆ ಮಾಡಿದರೆ ನಾನೊಬ್ಬನೇ ಎಲ್ಲಿಗೆ ಬೇಕಾದರೂ ಓಡಿಸಬಹುದು. "ಲೆಫ್ಟ್ ಹ್ಯಾಂಡೇ ಇರ್ಲಿ ಅಂದ್ರೆ ಪಕ್ಕದಲ್ಲಿ ಒಬ್ರು ಬೇಕೇ ಬೇಕು ಸಾರ್," ಅಂದ. "ನಿಮ್ಗೆ ಯಾರವ್ರೆ?" ಅವನು ಅದನ್ನು ಗಾಡಿಯ ಲೆಕ್ಕದಲ್ಲಿ ಕೇಳಿದ್ದು. ನನಗೆ ಯಾರೂ ಇರಲಿಲ್ಲ. ಬಲಕ್ಕೆ ತಂದುಬಿಡು, ಹಳೆಯದೆಲ್ಲ ಗುಜರಿಗೆ ಹೋಗಲಿ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

ನಮ್ಮಪ್ಪ ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಅಲ್ಲಿ ಹತ್ತಿರದಲ್ಲಿ ಶಾಲೆ ಇರಲಿಲ್ಲವಾಗಿ ನನ್ನನ್ನು ಪಾಳ್ಯದಲ್ಲಿ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಪ್ಪನ ಹೆಸರು ಮಂಜೇಗೌಡ, ದೊಡ್ಡಮ್ಮನದು ಸಾಕಮ್ಮ. ಅವರಿಗೆ ಮಕ್ಕಳಿರಲಿಲ್ಲ. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತು. ದೊಡ್ಡಮ್ಮನ ಒಲೆ ಇದ್ದ ಜಾಗದ ಮೇಲೆ ಈಗ ಮಂಗಳೂರಿನ ಟ್ಯಾಂಕರುಗಳು ಓಡುತ್ತವೆ. ನಿಮ್ಮಲ್ಲಿಯೂ ರಸ್ತೆಯಡಿಗೋ ಅಣೆಕಟ್ಟಿನ ನೀರಿನಡಿಗೋ ಮನೆ ಕೊಟ್ಟವರಿದ್ದರೆ ಗೊತ್ತಿರುತ್ತದೆ, ಗೋಡೆ ಹೋದ ಮೇಲೂ ಕೆಲವು ಸದ್ದುಗಳು ಇದ್ದಲ್ಲೇ ಇರುತ್ತವೆ. ಬೆಳಕು ಹರಿಯುವ ಹೊತ್ತಿಗೆ ದೊಡ್ಡಪ್ಪ ಲಾರಿಯ ಮೂತಿಗೆ ಹ್ಯಾಂಡಲ್ ಕೊಟ್ಟು ತಿರುಗಿಸುವ ಸದ್ದು, ಅದು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹತ್ತಿಕೊಳ್ಳುವುದು, ಒಳಗೆ ದೊಡ್ಡಮ್ಮ ಕಡುಬಿನ ಹಿಟ್ಟು ತೊಳಸುವಾಗ ಮರದ ಕೋಲು ಪಾತ್ರೆಗೆ ತಾಗುವುದು, ಆಮೇಲೆ ಅವಳು ಸೆರಗಿಗೆ ಕೈ ಒರೆಸಿ, ಎಲೆಯಡಿಕೆ, ಕಡ್ಡಿಪುಡಿಯ ಚೀಲ ಸೊಂಟಕ್ಕೆ ಸಿಕ್ಕಿಸಿ, ಗಂಡಸರ ಹಾಗೆ ಗಾಲಿಯ ಮೇಲೆ ಕಾಲಿಟ್ಟು ಬಲಗಡೆಯ ಸೀಟಿಗೆ ಹತ್ತುವುದು.

ಆ ಸೀಟು ಅವಳದಾಗಿದ್ದಕ್ಕೆ ಕಾರಣವಿತ್ತು. ಲಾರಿ ಹೊರದೇಶದಲ್ಲಿ ಯುದ್ಧಕ್ಕೆಂದು ಮಾಡಿದ್ದು. ಮಿಲಿಟರಿಯವರು ಹರಾಜು ಹಾಕಿದಾಗ ದೊಡ್ಡಪ್ಪ ತಂದಿದ್ದ. ನಮ್ಮ ರಸ್ತೆಯಲ್ಲಿ ಎಡಗಡೆ ಕೂತು ಓಡಿಸುವವನಿಗೆ ಮುಂದೆ ಒಂದು ಗಾಡಿ ಅಡ್ಡ ಬಂದರೆ ಅದರಾಚೆ ಏನೂ ಕಾಣುವುದಿಲ್ಲ. ಬಲಗಡೆ ಕೂತವರು ನೋಡಿ ಹೇಳಬೇಕು. ದೊಡ್ಡಪ್ಪ ಮೊದಲು ಕ್ಲೀನರುಗಳನ್ನು ಇಟ್ಟುಕೊಂಡಿದ್ದ. ಒಬ್ಬ ನಿದ್ದೆ ಹೊಡೆದ, ಇನ್ನೊಬ್ಬ ದಾರಿ ನೋಡದೆಯೇ ಎಲ್ಲದಕ್ಕೂ ಹೋಗಲಿ ಅಂದ. ಕೊನೆಗೆ ದೊಡ್ಡಮ್ಮನೇ ಹತ್ತಿ ಕೂತಳು. ಎಸ್ಟೇಟುಗಳಿಂದ ಕಾಫಿ ಚೀಲ ತುಂಬಿ ಸಕಲೇಶಪುರಕ್ಕೆ ಇಳಿಸುವ ದಾರಿಯುದ್ದಕ್ಕೂ ಅವಳು ಹೇಳುತ್ತಿದ್ದದ್ದು ಎರಡೇ ಮಾತು. ದಾರಿ ಖಾಲಿ ಇದ್ದರೆ "ಬುಡಿ." ಇಲ್ಲದಿದ್ದರೆ "ತಡೀರಿ." ಎಂಜಿನ್ ಸದ್ದನ್ನು ಮೀರುವ ಹಾಗೆ ಕೂಗಿ ಹೇಳುತ್ತಿದ್ದಳು. ದೊಡ್ಡಪ್ಪ ಅವಳ ಕಡೆ ತಿರುಗಿಯೂ ನೋಡದೆ ಬಿಡುತ್ತಿದ್ದ ಅಥವಾ ತಡೆಯುತ್ತಿದ್ದ. ಬಾಳ್ಳುಪೇಟೆಯ ಹೋಟೆಲಿನಲ್ಲಿ ಜನ ತಮಾಷೆ ಮಾಡುತ್ತಿದ್ದರು: ಗೌಡ್ರೇ, ಸ್ಟೇರಿಂಗು ನಿಮ್ದು, ಲಾರಿ ಯಾರ್ದು? ದೊಡ್ಡಪ್ಪ ಕಾಫಿ ಲೋಟ ಇಳಿಸದೆಯೇ, ಕಣ್ಣು ಯಾರ್ದೋ ಅವ್ರ್ದು ಕಣಪ್ಪ, ಅನ್ನುತ್ತಿದ್ದ. ರಜೆಯ ದಿನಗಳಲ್ಲಿ ಇಬ್ಬರ ನಡುವೆ, ಮಡಿಸಿದ ಗೋಣಿಚೀಲದ ಮೇಲೆ ನಾನು ಕೂರುತ್ತಿದ್ದೆ. ಅಷ್ಟು ಭದ್ರವಾದ ಜಾಗದಲ್ಲಿ ಆಮೇಲೆ ನಾನು ಎಂದೂ ಕೂತಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅವರಿಬ್ಬರೂ ಮಾತು ಬಿಟ್ಟರು. ದೊಡ್ಡಮ್ಮನ ಅಣ್ಣ ಊಟಕ್ಕೆ ಬಂದಿದ್ದ. ಅವನೆದುರಿಗೆ ದೊಡ್ಡಪ್ಪ ಕಡುಬು ಮುರಿಯುತ್ತಾ, ಸಾಕಮ್ಮನ ಕಡುಬು ಏರಿನಲ್ಲಿ ಗಾಲಿಗೆ ಕೊಡೋ ಕಲ್ಲಾಗ್ತೈತೆ ಭಾವ, ಅಂದುಬಿಟ್ಟ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಎಲ್ಲರ ಎಲೆ ಎತ್ತಿದಳು, ಆಮೇಲೆ ಹನ್ನೊಂದು ದಿನ ಗಂಡನೊಂದಿಗೆ ಮಾತಾಡಲಿಲ್ಲ. ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ನಮ್ಮ ಕಡೆ ಗಂಡಹೆಂಡಿರು ಮುನಿಸಿಕೊಂಡಾಗ ಮಕ್ಕಳ ಬಾಯಲ್ಲಿ ಹೇಳಿಸುತ್ತಾರಲ್ಲ, ಹಾಗೆ ನನ್ನ ಬಾಯಲ್ಲಿ ಎಲ್ಲ ನಡೆಯಿತು. ಅನ್ನಕ್ಕೆ ಬರಲಿ ಅಂತ ಹೇಳು, ಬಂದೆ ಅಂತ ಹೇಳು, ನೀರು ಕಾದೈತೆ ಅಂತ ಹೇಳು. ಲಾರಿಯಲ್ಲಿಯೂ ಅದೇ. ಕೂಗಿ ಹೇಳಿದರೆ ಗಂಡನಿಗೇ ಹೇಳಿದಂತಾಗುತ್ತದೆಂದು ಅವಳು ಬಗ್ಗಿ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ನಾನು ದೊಡ್ಡಪ್ಪನ ಕಿವಿಗೆ ಕೂಗುತ್ತಿದ್ದೆ. ಅದಕ್ಕಾಗಿ ನನಗೆ ಶಾಲೆ ತಪ್ಪಿಸಿ ಕರೆದೊಯ್ಯುತ್ತಿದ್ದರು, ದಾರಿಯಲ್ಲಿ ಅವಳು ಕಡ್ಲೆಮಿಠಾಯಿ ಕೊಡುತ್ತಿದ್ದಳು. ನಿಜ ಹೇಳಬೇಕೆಂದರೆ, ಆ ಮುನಿಸು ಬೇಗ ಮುಗಿಯದಿರಲಿ ಎಂದು ನನಗಿತ್ತು.

ಹನ್ನೊಂದನೆಯ ದಿನ ನಾವು ಯಸಳೂರು ಕಡೆಯಿಂದ ಕಾಫಿ ತುಂಬಿಕೊಂಡು ಬರುತ್ತಿದ್ದೆವು. ಇಳಿಜಾರು ಮುಗಿದು ರಸ್ತೆ ಎಡಕ್ಕೆ ತಿರುಗುವಲ್ಲಿ ಮುಂದೆ ಒಂದು ಹುಲ್ಲಿನ ಗಾಡಿ ಹೋಗುತ್ತಿತ್ತು. ಗಾಡಿ ಹೊಡೆಯುತ್ತಿದ್ದವರು ಆ ಕಡೆಯವರೇ, ಈರಯ್ಯ ಅಂತ. ಆಗ ಮೂವತ್ತರ ಪ್ರಾಯ. ದೊಡ್ಡಮ್ಮ ನನ್ನ ಕಿವಿಯಲ್ಲಿ ಖಾಲಿ ಐತೆ ಅಂತ ಹೇಳು ಅಂದಳು, ನಾನು ಕೂಗಿದೆ, ದೊಡ್ಡಪ್ಪ ಬಲಕ್ಕೆ ತೆಗೆದು ಗಾಡಿಯ ಪಕ್ಕಕ್ಕೆ ಬಂದ. ತಿರುವಿನ ಆಚೆಯದು ಅವನಿಗೆ ಹುಲ್ಲಿನ ಮರೆಯಲ್ಲಿತ್ತು. ಆಗ ಅವಳು ಮತ್ತೆ ಬಗ್ಗಿದಳು. "ನಿಮ್ ದೊಡ್ಡಪ್ಪಂಗೆ ಹೇಳು, ತಡೀಲಿ, ಲಾರಿ ಬತ್ತೈತೆ." ಅವಳ ದನಿ ಏರಿರಲಿಲ್ಲ. ನನ್ನ ಬಾಯಲ್ಲಿ ಮಿಠಾಯಿ ಇತ್ತು. ಅದನ್ನು ನುಂಗಿದೆ. ಆಮೇಲೆ ಹೇಳಿದೆ. ಹೇಳಿದ ಕ್ಷಣವೇ ದೊಡ್ಡಪ್ಪ ಬ್ರೇಕ್ ತುಳಿದ. ಬ್ರೇಕ್ ಹಿಡಿಯಿತು. ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು: ಬ್ರೇಕ್ ಹಿಡಿಯಿತು, ನಾಲ್ಕೂ ಗಾಲಿ ಕಚ್ಚಿಕೊಂಡವು, ನಾನು ಮುಂದಿನ ತಗಡಿಗೆ ಹೋಗಿ ಬಡಿದೆ, ಸುಟ್ಟ ರಬ್ಬರಿನ ವಾಸನೆ ಬಂತು. ಎದುರಿನಿಂದ ಬಂದದ್ದು ಮರದ ದಿಮ್ಮಿಗಳ ಲಾರಿ. ಅದು ಬಲಗಡೆಗೆ ತಾಗಿತು. ಅದರ ಡ್ರೈವರೇ ದೊಡ್ಡಮ್ಮನನ್ನು ಎತ್ತಿ ತನ್ನ ಲಾರಿಯಲ್ಲಿ ಮಲಗಿಸಿ ಸಕಲೇಶಪುರಕ್ಕೆ ತಿರುಗಿಸಿದ. ದೊಡ್ಡಪ್ಪ ದಾರಿಯುದ್ದಕ್ಕೂ ಸಾಕಮ್ಮ, ಸಾಕಮ್ಮ ಎಂದು ಕರೆದ. ಹೇಮಾವತಿಯ ಸೇತುವೆ ದಾಟುವ ಮೊದಲೇ ಅವಳು ಹೋಗಿದ್ದಳು.

ಸಂಜೆ ಅವಳ ಅಣ್ಣ ಬಂದು ಏನಾಯಿತು ಎಂದು ಕೇಳಿದ. ನಿನ್ನ ತಂಗಿಯೂ ನಾನೂ ಮಾತು ಬಿಟ್ಟಿದ್ದೆವು, ಅದಕ್ಕೇ ಹೀಗಾಯಿತು ಎಂದು ಅವನಿಗೆ ಹೇಳಲು ದೊಡ್ಡಪ್ಪನಿಂದ ಆಗಲಿಲ್ಲ. ಅಂಗಳದ ನೆಲ ನೋಡುತ್ತಾ, ಬ್ರೇಕ್ ಸಿಕ್ಲಿಲ್ಲ ಭಾವ, ಅಂದ. ಅಣ್ಣ ನನ್ನ ಕಡೆ ತಿರುಗಿದ. ಮಕ್ಕಳು ಸುಳ್ಳು ಹೇಳುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ. ಹೌದು, ಸಿಕ್ಕಲಿಲ್ಲ ಎಂದೆ. ಆ ಬ್ರೇಕಿಗೆ ಎಂಟು ದಿನದ ಹಿಂದೆ ಹೊಸ ಲೈನಿಂಗ್ ಪಟ್ಟಿ ಹಾಕಿದ್ದು ಸಕಲೇಶಪುರದ ಮೆಕ್ಯಾನಿಕ್ ಸತ್ತಾರ್ ಸಾಬರು. ಅವರು ಸುದ್ದಿ ತಿಳಿದು ಬಂದು, ಟೋಪಿ ಸರಿಮಾಡಿಕೊಳ್ಳುತ್ತಾ ಅಂಗಳದ ಆ ತುದಿಯಲ್ಲಿ ನಿಂತಿದ್ದರು. ನನ್ನ ಮಾತು ಅವರಿಗೆ ಕೇಳಿಸಿತು. ಅವರು ಬಂದ ದಾರಿಯಲ್ಲೇ ಹಿಂದಿರುಗಿದರು.

ಆಮೇಲೆ ಲಾರಿಯವರು ಒಬ್ಬೊಬ್ಬರಾಗಿ ಅವರ ಗ್ಯಾರೇಜು ಬಿಟ್ಟರು. ಸತ್ತಾರ್ ಮುಟ್ಟಿದ ಬ್ರೇಕು ಎಂಬುದು ಪೇಟೆಯಲ್ಲಿ ಗಾದೆಯಂತಾಯಿತು. ಅವರು ಕೊನೆಯವರೆಗೂ ಪಂಪ್‌ಸೆಟ್ಟು, ಸೈಕಲ್ಲು ರಿಪೇರಿ ಮಾಡಿಕೊಂಡಿದ್ದರು. ದೊಡ್ಡಪ್ಪ ಲಾರಿಯನ್ನು ಎತ್ತುಗಳಿಂದ ಎಳೆಸಿ ತಂದು ಶೆಡ್ಡಿಗೆ ಹಾಕಿ ಬಾಗಿಲು ಎಳೆದ. ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಅವನು ಬದಲಾದದ್ದು ಹೊರಗಿನವರಿಗೆ ಕಾಣದ ರೀತಿಯಲ್ಲಿ: ಅಂದಿನಿಂದ ಯಾರ ಬಾಯಲ್ಲಿಯೂ ಯಾರಿಗೂ ಒಂದು ಮಾತು ಹೇಳಿಕಳಿಸಲಿಲ್ಲ. ಗದ್ದೆಯ ಆ ಬದುವಿನಲ್ಲಿರುವ ಆಳನ್ನು ಊಟಕ್ಕೆ ಕರೆಯಬೇಕಾದರೂ ತಾನೇ ನಡೆದು ಹೋಗುತ್ತಿದ್ದ. ನಾವಿಬ್ಬರೂ ಎಷ್ಟೋ ವರ್ಷ ಒಂದೇ ಮನೆಯಲ್ಲಿ ಉಂಡೆವು, ಮಲಗಿದೆವು. ಆ ದಿನದ ಬಗ್ಗೆ ಒಂದು ಸಲವೂ ಮಾತಾಡಲಿಲ್ಲ.

ಇಲ್ಯಾಸ್ ಸತ್ತಾರ್ ಸಾಬರ ಮಗ. ನಾನು ಬೇಕೆಂದೇ ಅವನನ್ನು ಕರೆಸಿದ್ದೆ. ಯಾಕೆಂದು ನನಗೇ ಸರಿಯಾಗಿ ತಿಳಿದಿರಲಿಲ್ಲ. ಅವನೂ ಕರೆದ ಕೂಡಲೇ ಬಂದಿದ್ದ. ಆ ಬುಧವಾರ ಶೆಡ್ಡಿನಲ್ಲಿ ನಾನು ಬಾಯಿ ತೆರೆದು ನಿಂತಿದ್ದಾಗ ಅವನು ಉತ್ತರಕ್ಕೆ ಕಾಯದೆ ಮುಂದಿನ ಗಾಲಿಯ ಬಳಿ ಕುಕ್ಕರಗಾಲಿನಲ್ಲಿ ಕೂತ. ತುಕ್ಕು ಹಿಡಿದ ಬ್ರೇಕಿನ ಡ್ರಮ್ಮನ್ನು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಲೈನಿಂಗ್ ಹಾಗೆಯೇ ಇತ್ತು, ರಿವೆಟ್ಟುಗಳು ಸಾಲಾಗಿ ಕೂತಿದ್ದವು. ಅವನು ಅವುಗಳ ಮೇಲೆ ಹೆಬ್ಬೆರಳು ಆಡಿಸಿದ.

"ನಮ್ಮಪ್ಪಂದೇ ಕೆಲ್ಸ. ಭಾಳ ವರ್ಷದಿಂದ ಇದ್ನ ಒಂದ್ಸಲ ಬಿಚ್ಚಿ ನೋಡ್ಬೇಕು ಅಂತಿತ್ತು ಸಾರ್," ಅಂದ. ಆಮೇಲೆ ತಾನೇ ಹೇಳಿದ: "ಆದ್ರೆ ಇದ್ರಲ್ಲಿ ಏನೂ ಗೊತ್ತಾಗಕ್ಕಿಲ್ಲ. ಲೈನಿಂಗ್ ಚೆನ್ನಾಗಿದ್ರೂ ಆವತ್ತು ಎಣ್ಣೆ ಸೋರಿದ್ರೆ ಹಿಡೀತಿರ್ಲಿಲ್ಲ. ಕಬ್ಬಿಣ ಹೇಳಲ್ಲ."

ತನ್ನ ತಂದೆಯ ಪರವಾಗಿ ಒಂದು ಮಾತು ಹೆಚ್ಚು ಹೇಳಿಕೊಳ್ಳಬಹುದಾಗಿದ್ದಲ್ಲಿ ಅವನು ಹೇಳಿಕೊಳ್ಳಲಿಲ್ಲ. ನಾನು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಬ್ರೇಕ್ ಹಿಡಿದಿತ್ತು ಎಂದೆ. ಕಡುಬಿನ ಮಾತಿನಿಂದ ಹಿಡಿದು ಮಿಠಾಯಿ ನುಂಗಿದ್ದರವರೆಗೆ, ಮೇಲೆ ಬರೆದಿರುವುದನ್ನೆಲ್ಲ ಅದೇ ಕ್ರಮದಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿದ. ಎದ್ದು ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದ. "ನಂಗ್ ಹೇಳಿದ್ರೆ ಏನ್ ಬಂತು ಸಾರ್? ಅಮ್ಮ ಇನ್ನೂ ಅವ್ರೆ. ನನ್ ಕೈಲಿ ಹೇಳಿ ಕಳಿಸ್ಬೇಡಿ. ನೀವೇ ಬನ್ನಿ."

ಆಮೇಲೆ ಗಾಡಿಯನ್ನು ಏನು ಮಾಡೋಣ ಎಂದು ಮತ್ತೆ ಕೇಳಿದ. ಇದ್ದ ಹಾಗೆಯೇ ಎಬ್ಬಿಸು ಎಂದೆ. ಸ್ಟೇರಿಂಗ್ ಬಲಕ್ಕೆ ಹೋದರೆ, ನಾವು ಮೂವರು ಅಂದು ಹೇಗೆ ಕೂತಿದ್ದೆವು, ಒಂದು ಮಾತು ಎಷ್ಟು ದೂರ ಸುತ್ತಿ ಬಂತು ಎಂದು ಯಾರಿಗೂ ತೋರಿಸಲಾಗುವುದಿಲ್ಲ. ಹಾಗಾದರೆ ನೀವು ಒಬ್ಬರೇ ಇದನ್ನು ರಸ್ತೆಗೆ ಇಳಿಸುವ ಹಾಗಿಲ್ಲ ಅಂದ. ಇಳಿಸುವುದಿಲ್ಲ ಎಂದೆ. ಲೈನಿಂಗ್ ಕೂಡ ಅದೇ ಇರಲಿ ಎಂದಾಗ ಅವನು ಆಗಲಿ ಎಂದು ತಲೆ ಆಡಿಸಿದ.

ಭಾನುವಾರ ಸಕಲೇಶಪುರಕ್ಕೆ ಹೋದೆ. ಇಲ್ಯಾಸನ ತಾಯಿ ಹಸೀನಾಬಿ ಬಾಗಿಲ ಬಳಿ ಚಾಪೆಯ ಮೇಲೆ ಕೂತು ಕರಿಬೇವು ಬಿಡಿಸುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಅವರ ಕೈ ನಿಲ್ಲಲಿಲ್ಲ. ಆವಾಗ ನಿಮಗೆ ಎಷ್ಟು ವರ್ಷ ಎಂದು ಕೇಳಿದರು. ಒಂಬತ್ತು ಎಂದೆ.

"ಆಮೇಲೆ ದೊಡ್ಡೋರಾದ್ರಲ್ಲ," ಅಂದರು.

ಅವರು ಕರಿಬೇವಿನ ಇನ್ನೊಂದು ಕಡ್ಡಿ ಎತ್ತಿಕೊಂಡರು. ಒಬ್ಬರ ಮಾತಿಗೆ ಪೇಟೆ ಒಪ್ಪುವುದಿಲ್ಲ, ಅದನ್ನು ಕಂಡವರು ಇನ್ನು ಯಾರಿದ್ದಾರೆ ಎಂದು ಕೇಳಿದರು. ನಾನು ಒಬ್ಬೊಬ್ಬರನ್ನೇ ನೆನೆದು ಹೇಳಿದೆ. ದೊಡ್ಡಪ್ಪ ತೀರಿಕೊಂಡು ಇಪ್ಪತ್ತೆರಡು ವರ್ಷ. ದಿಮ್ಮಿ ಲಾರಿಯ ಡ್ರೈವರ್ ಹೆಸರು ತಿಳಿಯದು; ಆಗಲೇ ತಲೆ ಪೂರ್ತಿ ನೆರೆತಿತ್ತು, ಈಗ ಇರಲಾರ. ಹುಲ್ಲಿನ ಗಾಡಿಯ ಈರಯ್ಯ ಇದ್ದಾರೆ. ಯಸಳೂರಿನ ಹತ್ತಿರ ಮಗಳ ಮನೆಯಲ್ಲಿ, ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ, ಮಾತು ನೆಟ್ಟಗಿದೆ. ತಮ್ಮ ಗಾಡಿಯ ಪಕ್ಕದಲ್ಲೇ ನಮ್ಮ ಗಾಲಿಗಳು ತಿರುಗದೆ ರಸ್ತೆಗೆ ಉಜ್ಜಿಕೊಂಡು ಹೋದದ್ದನ್ನು ಅವರು ನೋಡಿರಲೇಬೇಕು. ಅವರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಂಡವರಲ್ಲಿ ಇನ್ನು ಉಳಿದವರು ಈರಯ್ಯ ಮತ್ತು ನಾನು; ಅವರನ್ನು ಕೇಳಲು ನಾನೇ ಹೋಗುತ್ತೇನೆ ಎಂದೆ.