ಎಡಗೈ ಮೆನು

ಕೇರಳದ ಏಲೂರಿನ ಗೊಬ್ಬರದ ಕಾರ್ಖಾನೆಗಳಿಗೆ ಚೀಲ ಮಾಡಿಕೊಡುವ ಕಂಪನಿಯೊಂದರ ಸ್ಟೋರ್ಸಿನಲ್ಲಿ ಚಿಕ್ಕಣ್ಣನದೊಂದು ಕಂಪ್ಯೂಟರಿತ್ತು. ಅದರ ಮುಂದೆ ಬೇರೆ ಯಾರು ಕೂತರೂ ಕಕ್ಕಾಬಿಕ್ಕಿಯಾಗುತ್ತಿದ್ದರು. ಎಕ್ಸೆಲ್ ತೆರೆದರೆ ಮೇಲಿನ ಗುಂಡಿಗಳ ಸಾಲೇ ಮಾಯ. ಎಡ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಎಂಟೇ ಎಂಟು ಗುಂಡಿ, ಒಂದೊಂದೂ ಅಂಗಿಯ ಗುಂಡಿಯಷ್ಟು ದೊಡ್ಡದು. ಅವುಗಳ ನೆತ್ತಿಯ ಮೇಲೊಂದು ಮೆನು. ಅದರ ಹೆಸರು ಕನ್ನಡದಲ್ಲಿತ್ತು: ಎಡಗೈ.

ಹೆಸರು ಸುಮ್ಮನೆ ಇಟ್ಟದ್ದಲ್ಲ. ಚನ್ನರಾಯಪಟ್ಟಣದ ಕಡೆಯ ಚಿಕ್ಕಣ್ಣ ಇಪ್ಪತ್ತೆರಡನೇ ವಯಸ್ಸಿಗೇ ಫಿಟ್ಟರ್ ಆಗಿ ಇಲ್ಲಿಗೆ ಬಂದವನು. ತೊಂಬತ್ತೆಂಟರಲ್ಲಿ ಯಂತ್ರದ ಬೆಲ್ಟು ಅವನ ಬಲಗೈಯ ಹೆಬ್ಬೆರಳನ್ನೂ ಪಕ್ಕದ ಎರಡು ಬೆರಳುಗಳನ್ನೂ ಕಿತ್ತುಕೊಂಡಿತು. ಕಂಪನಿ ಅವನನ್ನು ಸ್ಟೋರ್ಸಿಗೆ ಹಾಕಿ, ಐದು ವರ್ಷದ ಮೇಲೆ ಒಂದು ಕಂಪ್ಯೂಟರ್ ತಂದಿಟ್ಟು ಕಲಿ ಅಂದಿತು. ಮೌಸನ್ನು ಎಡಗೈಯಲ್ಲಿ ಹಿಡಿದರೆ ತೋರುಬೆರಳು ಅದರ ಬಲ ಗುಂಡಿಯ ಮೇಲೇ ಬೀಳುತ್ತದೆ. ಮೊದಲ ವಾರ ಅವನು ಒತ್ತಿದ್ದೆಲ್ಲ ತಪ್ಪೇ. ಹಾಗೆ ತಪ್ಪು ಒತ್ತುತ್ತಲೇ ಒಂದು ದಿನ ಗುಂಡಿಗಳ ಸಾಲಿನ, ಅಂದರೆ ಟೂಲ್‌ಬಾರಿನ, ಮೇಲೆ ಉದ್ದನೆಯ ಪಟ್ಟಿಯೊಂದು ಬಿಚ್ಚಿಕೊಂಡಿತು. ಪಟ್ಟಿಯ ಕೊನೆಯಲ್ಲಿ ‘ಕಸ್ಟಮೈಸ್’ ಅಂತಿತ್ತು. ಅದನ್ನೂ ಒತ್ತಿದ. ಬೇಡದ ಗುಂಡಿಯನ್ನು ಎಳೆದು ಆಚೆಗೆಸೆಯಬಹುದು, ಬೇಕಾದ್ದನ್ನು ಬೇಕಾದಲ್ಲಿ ಕೂರಿಸಬಹುದು! ಎರಡೂ ಕೈ ನೆಟ್ಟಗಿದ್ದವರಿಗೆ ವರ್ಷಗಟ್ಟಲೆ ಕಣ್ಣಿಗೆ ಬೀಳದ ಬಾಗಿಲು ಅದು. ಅಲ್ಲಿಂದ ಮುಂದೆ ಬೋಲ್ಟು, ಬೇರಿಂಗು, ಬೆಲ್ಟುಗಳ ಪಟ್ಟಿಯನ್ನು ಅವನಷ್ಟು ಬೇಗ ಯಾರೂ ಮುಗಿಸುತ್ತಿರಲಿಲ್ಲ.

2005ರಲ್ಲಿ ತಿರುವನಂತಪುರದ ಹೆಡ್ಡಾಫೀಸಿನಿಂದ ಸುತ್ತೋಲೆ ಬಂತು. ಎಲ್ಲರ ಸ್ಕ್ರೀನೂ ಒಂದೇ ರೀತಿ ಇರಬೇಕು, ಯಾರ ಸೀಟಿನಲ್ಲಿ ಯಾರು ಕೂತರೂ ಕೆಲಸ ನಡೆಯಬೇಕು. ಕಂಪ್ಯೂಟರ್ ವಿಭಾಗದ ಆಶಿಶ್ ಬಂದು, “ಚೇಟ್ಟಾ, ಅಣ್ಣಾ, ನನ್ನ ತಪ್ಪಲ್ಲ” ಎನ್ನುತ್ತಲೇ ಎಂಟು ಗುಂಡಿಯನ್ನೂ ಅಳಿಸಿ ಎಲ್ಲವನ್ನೂ ಮೊದಲಿನಂತೆ ಮಾಡಿ ಹೋದ. ಮರುದಿನ ಬೆಳಗ್ಗೆ ಚಿಕ್ಕಣ್ಣ ಹತ್ತು ನಿಮಿಷ ಕೂತು ಎಂಟನ್ನೂ ಮತ್ತೆ ಕೂರಿಸಿದ. ಸಂಜೆ ಆಶಿಶ್ ಅಳಿಸಿದ. ಬೆಳಗ್ಗೆ ಚಿಕ್ಕಣ್ಣ ಕೂರಿಸಿದ. ಆರು ತಿಂಗಳು ಇದೇ ಜಗ್ಗಾಟ. ಕೊನೆಗೆ ಏಲೂರಿನ ಮ್ಯಾನೇಜರು, ಮುಂದಿನ ತಿಂಗಳೊಳಗೆ ಸುತ್ತೋಲೆಯಂತೆ ನಡೆಯದಿದ್ದರೆ ಗೇಟ್ ಡ್ಯೂಟಿ ಎಂದು ಬರೆದುಕೊಟ್ಟರು. ಗೇಟ್ ಡ್ಯೂಟಿ ಎಂದರೆ ದಿನವಿಡೀ ಲಾರಿಗಳಿಗೆ ಅಡ್ಡಗಂಬ ಎತ್ತುವುದು, ಇಳಿಸುವುದು. ಅಲ್ಲಿಗೆ ಹೋದವರು ಒಳಗೆ ವಾಪಸು ಬಂದದ್ದಿಲ್ಲ. ಬೆರಳು ಹೋದಾಗಲೂ ಚಿಕ್ಕಣ್ಣನಿಗೆ ಅಷ್ಟು ಉರಿದಿರಲಿಲ್ಲ.

ಅವನು ಮತ್ತೆ ಕಸ್ಟಮೈಸ್ ತೆರೆದು, ಅದುವರೆಗೆ ಮುಟ್ಟದ್ದನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದ. ‘ಅಟ್ಯಾಚ್’ ಅನ್ನುವುದು ಸಿಕ್ಕಿತು. ಅದನ್ನು ಒತ್ತಿದರೆ ಟೂಲ್‌ಬಾರ್ ಫೈಲಿಗೇ ಅಂಟಿಕೊಳ್ಳುತ್ತದೆ. ಆ ಫೈಲನ್ನು ಎಲ್ಲಿ ತೆರೆದರೂ ಜೊತೆಗೇ ಬರುತ್ತದೆ, ಫೈಲು ಮುಚ್ಚಿದ ಮೇಲೂ ಅಲ್ಲೇ ಕೂತಿರುತ್ತದೆ. ಇನ್ನು ಆಶಿಶ್ ಎಷ್ಟು ಅಳಿಸಿದರೇನು? ಒಂದನೇ ತಾರೀಕಿಗೆ ಸ್ಟೋರ್ಸಿನ ಆ ಫೈಲು ಎಂದಿನಂತೆ ಹೆಡ್ಡಾಫೀಸಿಗೂ ಹೋಯಿತು.

ಮೂರು ದಿನಕ್ಕೆ ಕರೆ ಬಂತು. ಸುತ್ತೋಲೆ ಹೊರಡಿಸಿದ ದೊಡ್ಡ ಸಾಹೇಬರಾದ ರಾಮದಾಸರ ಸ್ಕ್ರೀನಿನಲ್ಲೇ ಎಂಟು ಗುಂಡಿ ಬಂದು ಕೂತಿದ್ದವು. ಅರ್ಥವಾಗದ ಲಿಪಿ ನೋಡಿ ಅಲ್ಲಿನವರು ವೈರಸ್ ಅಂದುಕೊಂಡರಂತೆ. ಆದರೆ ರಾಮದಾಸರು ಧಾರವಾಡದಿಂದ ವರ್ಗವಾಗಿ ಬಂದವರು. ಓದಿದರು, ಯಾರ ಕೈವಾಡವೆಂದು ವಿಚಾರಿಸಿದರು. ಚಿಕ್ಕಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗಿನ ರೈಲು ಹತ್ತಿದ.

ಬೇಕಂತಲೇ ಕಳಿಸಿದ್ದೋ ಎಂದು ಸಾಹೇಬರು ಕೇಳಿದರು. ಇಲ್ಲಿಗೂ ಬಂದು ಕೂರುತ್ತದೆಂದು ಯೋಚಿಸಿರಲಿಲ್ಲ, ಯೋಚಿಸಿದ್ದರೂ ಕಳಿಸುತ್ತಿದ್ದೆ ಅಂದ ಚಿಕ್ಕಣ್ಣ. ರಾಮದಾಸರು ಕೆಟ್ಟವರೇನಲ್ಲ. ಅವನ ಬಲಗೈ ನೋಡಿ ಮೆತ್ತಗಾದರು.

“ಒಂದು ಅರ್ಜಿ ಬರೀರಿ. ಕೈ ಇಲ್ಲ, ವಿನಾಯ್ತಿ ಕೊಡ್ರಿ ಅಂತ. ಸಹಿ ಹಾಕ್ತೀನಿ.”

“ಕೈ ಇದೆ ಸಾರ್.” ಚಿಕ್ಕಣ್ಣ ಎಡಗೈ ಎತ್ತಿ ತೋರಿಸಿದ. “ಇಲ್ಲ ಅಂತ ನಾನ್ಯಾಕೆ ಬರೀಲಿ?”

ರಾಮದಾಸರ ಮುಖ ಬಿಗಿಯಿತು. “ಹಂಗಾದ್ರ ಗೇಟಿಗೆ ಹೋಗ್ರಿ. ಅದಕ್ಕೂ ಮೊದಲ ಇದನ್ನ ತಗೀರಿ. ಮೂರು ದಿನ ಆತು, ನನ್ನ ಸ್ಕ್ರೀನು ನಂದು ಅಂತ ಅನಸವಲ್ದು.”

ಚಿಕ್ಕಣ್ಣ ಸಾಹೇಬರ ಕುರ್ಚಿಯಲ್ಲೇ ಕೂತು, ಮೌಸನ್ನು ಎಡಕ್ಕೆ ಎಳೆದುಕೊಂಡು ನಾಲ್ಕು ಸಲ ಒತ್ತಿದ. ಎಂಟು ಗುಂಡಿಯೂ ಹೋದವು. ಅವನು ಎದ್ದು ನಿಂತ.

“ನಿಮ್ದು ನಿಮಗೆ ಬಂತು ಸಾರ್. ಮೂರು ದಿನಕ್ಕೇ ನನ್ನನ್ನ ಇನ್ನೂರು ಕಿಲೋಮೀಟರ್ ಕರೆಸಿದ್ರಿ. ನನ್ನದಕ್ಕೆ ಆರು ತಿಂಗಳಿಂದ ಕೈ ಹಾಕ್ತಾನೇ ಇದೀರಿ. ನಾನು ಯಾರನ್ನ ಕರೆಸ್ಲಿ?”

ರಾಮದಾಸರು ತಮ್ಮ ಕುರ್ಚಿಗೆ ಬಂದು ಕೂತು, ಖಾಲಿಯಾದ ಎಡ ಅಂಚನ್ನು ನೋಡಿದರು. ಆಮೇಲೆ ಫೋನೆತ್ತಿ, ಸ್ಟೋರ್ಸಿನ ಕಂಪ್ಯೂಟರನ್ನು ಇನ್ನು ಯಾರೂ ಮುಟ್ಟಬಾರದು, ಆ ಮನುಷ್ಯನನ್ನು ಸೀಟಿನಿಂದ ಕದಲಿಸಬಾರದು ಎಂದು ಏಲೂರಿನ ಮ್ಯಾನೇಜರಿಗೆ ಹೇಳಿದರು. ಹಾಗಾದರೆ ಅವನಿಂದ ಒಂದು ಅರ್ಜಿ ಬರೆಸಿಕೊಳ್ಳಲೇ ಎಂದು ಆ ಕಡೆಯಿಂದ ಕೇಳಿದರು.

ಬೇಡ ಅಂದರು ರಾಮದಾಸರು.