ಅಮಾವಾಸ್ಯೆಗೆ ಕೆಂಪಾದ ಊರುಗಳು

ಮನಿಷಾ ಮೊದಲಿನಿಂದಲೂ ಹಟಮಾರಿ. ಸಲಗರೆಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ ಹಾಕಿ ಸಾತವ್ವ ಓದಿಸಿದ ಮಗಳು. ಈಗ ಮಿರಜಿನಲ್ಲಿ ಅದೇ ಡೇರಿಯ ಕಚೇರಿಯಲ್ಲಿ ಕೆಲಸ. ಯಾವ ಊರಿನಿಂದ ಎಷ್ಟು ಹಾಲು ಬಂತೆಂದು ತೋರಿಸುವ ಹೊಸ ಡ್ಯಾಶ್‌ಬೋರ್ಡ್ ಅವಳದೇ ಕೈಕೆಲಸ. ಪ್ರತಿ ಹತ್ತು ದಿನದ ಹಾಲನ್ನು ಹೋದ ವರ್ಷದ ಅದೇ ತಾರೀಖುಗಳ ಜೊತೆ ಹೋಲಿಸಿ, ಹತ್ತು ಪರ್ಸೆಂಟ್ ಇಳಿದ ಊರು ಪರದೆಯ ಮೇಲೆ ಕೆಂಪಾಗುವಂತೆ ಸೂತ್ರ ಬರೆದಿದ್ದಳು. ಕಚೇರಿಯ ಜೊತೆಗಾರರೆಲ್ಲ ಭೇಷ್ ಅಂದರು.

ಮೊದಲ ಹತ್ತು ದಿನಕ್ಕೇ ಆರು ಊರು ಕೆಂಪಾದವು. ಸಲಗರೆಯೂ ಅದರಲ್ಲೊಂದು. ಮ್ಯಾನೇಜರ್ ನೀಲೇಶ ಖರ್ಚು ಉಳಿಯಲೆಂದು ಆರೂ ಊರಿನ ಹಾಲಿನ ಕೇಂದ್ರ ಮುಚ್ಚುವ ಕಾಗದ ಸಿದ್ಧಮಾಡಿದ. ಮುಚ್ಚಿದರೆ ಸಾತವ್ವ ಎಮ್ಮೆ ಮಾರುವುದೊಂದೇ ದಾರಿ.

ಮನಿಷಾ ತಾರೀಖಿನ ಫಿಲ್ಟರನ್ನು ಒಂದೊಂದೇ ದಿನಕ್ಕೆ ಇಳಿಸಿ ನೋಡಿದಳು. ಒಂಬತ್ತು ದಿನ ಹಾಲು ಹೋದ ವರ್ಷದಷ್ಟೇ ಇತ್ತು. ಒಂದನೇ ತಾರೀಖು ಮಾತ್ರ ಸೊನ್ನೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಆವತ್ತು ಅಮಾವಾಸ್ಯೆ. ಹೋದ ವರ್ಷ ಅದು ಹನ್ನೆರಡಕ್ಕೆ, ಈ ಹತ್ತು ದಿನದ ಲೆಕ್ಕದ ಆಚೆ ಬಿದ್ದಿತ್ತು. ಆ ಊರುಗಳಲ್ಲಿ ಅಮಾವಾಸ್ಯೆಯ ಹಾಲು ಮಾರುವುದಿಲ್ಲ, ಅದು ಮನೆಯ ಮಕ್ಕಳದು. ಅದನ್ನು ಕುಡಿದೇ ಬೆಳೆದವಳಿಗೆ ಸೂತ್ರ ಬರೆಯುವಾಗ ಆ ನೆನಪೇ ಬಂದಿರಲಿಲ್ಲ.

ನೀಲೇಶನಿಗೆ ಹೇಳಿದಳು. ಅವನು ಮೆತ್ತಗೆ ಮರಾಠಿಯಲ್ಲಿ, ನಿನ್ನ ಸಲಗರೆಯನ್ನು ಪಟ್ಟಿಯಿಂದ ತೆಗೆಯುತ್ತೇನೆ, ಉಳಿದ ಐದರ ಉಸಾಬರಿ ನಿನಗೇಕೆ ಅಂದ. ಸೂತ್ರ ತಪ್ಪೆಂದು ಹೊರಬಿದ್ದರೆ ನಿನ್ನ ಕೆಲಸವೇ ಹೋದೀತು ಎಂದೂ ಸೇರಿಸಿದ. ಅವಳಿಗೆ ಮೈ ಉರಿದುಹೋಯಿತು.

ಮರುದಿನ ಸಭೆಯಲ್ಲಿ ಮಾಲೀಕ ಬಾಪೂಸಾಹೇಬರು ಸಹಿ ಹಾಕಲು ಪೆನ್ನು ತೆಗೆದದ್ದೇ ತಡ, ಮನಿಷಾ ಎದ್ದು ನಿಂತಳು.

“ಸಹಿ ಮಾಡಬ್ಯಾಡ್ರಿ ಸಾಹೇಬ್ರ. ಒಂದನೇ ತಾರೀಖು ಅಮಾಸಿ ಇತ್ತು. ಹಾಲು ಬಂದ ದಿನಾ ಅಷ್ಟ ಎಣಿಸಿದ್ರ ಒಂದೂ ಊರು ಇಳಿದಿಲ್ಲ.”

ಹಾಗಾದರೆ ಈ ಸೂತ್ರ ಯಾರು ಬರೆದದ್ದು ಎಂದು ಅವರು ಕೇಳಿದರು. ನೀಲೇಶ ಕಿಟಕಿಯತ್ತ ನೋಡತೊಡಗಿದ.

“ನಾನೇ ರೀ. ತಪ್ಪು ನಂದು. ತಗಿಯೂದಿದ್ರ ನನ್ನ ತಗೀರಿ, ಊರು ತಗೀಬ್ಯಾಡ್ರಿ.”

ಬಾಪೂಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

“ಕುಂದ್ರವಾ. ಈಗಿಂದೀಗ ಸರಿ ಮಾಡು. ನಾ ಇಲ್ಲೇ ಕುಂತೇನಿ.”

ಎಲ್ಲರ ಎದುರೇ ಸೂತ್ರ ತಿದ್ದಿದಳು. ಆರೂ ಊರು ಹಸಿರಾದವು.

ಮುಂದಿನ ಅಮಾವಾಸ್ಯೆಗೆ ಸಲಗರೆಯಿಂದ ತೊಟ್ಟು ಹಾಲೂ ಬರಲಿಲ್ಲ. ಪರದೆ ಹಸಿರಾಗಿಯೇ ಇತ್ತು. ಮನಿಷಾ ಆವತ್ತು ರಜೆ ಹಾಕಿ ಊರಿಗೆ ಹೋಗಿ, ಅವ್ವನ ಕೈಯಿಂದ ಎರಡು ಲೋಟ ಹಾಲು ಕುಡಿದಳು.